ಮುಂದಿನ ಗಾಡಿಯಿಂದ ಹಾರಿದ ಕಲ್ಲು, ರಸ್ತೆಯಲ್ಲಿ ಬಿದ್ದ ಕಬ್ಬು: ನಷ್ಟ ಯಾರು ತುಂಬಿಕೊಡಬೇಕು?

ಪ್ರಶ್ನೆ: ವಕೀಲ ಸಾಹೇಬ್ರೇ, ಹೋದ ತಿಂಗಳು ವಿಜಯಪುರದಿಂದ ಬಾಗಲಕೋಟೆಗೆ ಕಾರಿನಲ್ಲಿ ಬರುತ್ತಿದ್ದೆ. ಕೊಲ್ಹಾರ ಸೇತುವೆ ದಾಟಿದ ಮೇಲೆ ಮುಂದೆ ಖಡಿ ತುಂಬಿದ ಟಿಪ್ಪರ್ ಇತ್ತು. ತಾಡಪಾಲ್ ಹಾಕಿರಲಿಲ್ಲ. ಒಂದು ಕಲ್ಲು ಬಂದು ಮುಂದಿನ ಗಾಜಿಗೆ ಬಡಿದು ಗಾಜು ಸೀಳಿತು. ನಿಲ್ಲಿಸಿ ಕೇಳಿದರೆ ಡ್ರೈವರ್, "ಅದು ರಸ್ತೆ ಮ್ಯಾಲಿನ ಕಲ್ಲು, ನನ್ನ ಗಾಡೀದಲ್ಲ. ನೀವ್ಯಾಕ ಅಷ್ಟ ಹತ್ರ ಬಂದ್ರಿ?" ಅಂದು ಹೊರಟುಹೋದ. ನಂಬರ್ ಬರೆದುಕೊಂಡಿದ್ದೇನೆ. ಹೊಸ ಗಾಜಿಗೆ 14,000 ರೂಪಾಯಿ ಹೇಳಿದ್ದಾರೆ. ಇನ್ನೊಂದು ವಿಷಯ. ಜಮಖಂಡಿಯಲ್ಲಿರುವ ನಮ್ಮ ಅಕ್ಕನ ಮಗ ರಾತ್ರಿ ಮುಧೋಳದಿಂದ ಬೈಕಿನಲ್ಲಿ ಹೋಗುವಾಗ ರಸ್ತೆಯಲ್ಲಿ ಬಿದ್ದಿದ್ದ ಕಬ್ಬಿನ ಮೇಲೆ ಗಾಲಿ ಹತ್ತಿ, ಜಾರಿ ಬಿದ್ದು ಕೈ ಮುರಿದುಕೊಂಡಿದ್ದಾನೆ. ಕಬ್ಬು ಯಾವ ಗಾಡಿಯದು ಅಂತ ಗೊತ್ತಿಲ್ಲ. ಈ ಎರಡಕ್ಕೂ ಯಾರು ಹೊಣೆ? ಕೇಸು ಹಾಕಿದರೆ ಏನಾದರೂ ಸಿಗುತ್ತಾ?

ಉತ್ತರ: ಗಾಡಿಗೆ ಹೇರಿದ ಮಾಲು ಇಳಿಸುವ ಜಾಗ ಮುಟ್ಟುವವರೆಗೂ ಅದರ ಹೊಣೆ ಗಾಡಿಯವರದ್ದು. ಖಡಿ ಇರಲಿ, ಕಬ್ಬು ಇರಲಿ, ಇಳಕಲ್ಲಿನ ಗ್ರಾನೈಟ್ ಕಲ್ಲು ಇರಲಿ, ಕಾನೂನು ಬೇರೆ ಅಲ್ಲ. ಬೀಳದ ಹಾಗೆ ಹೇರುವುದು, ಕಟ್ಟುವುದು, ಮುಚ್ಚುವುದು ಅವರ ಕೆಲಸ. ಬಿದ್ದು ಯಾರಿಗಾದರೂ ನಷ್ಟವಾದರೆ ಡ್ರೈವರ್ ಮತ್ತು ಮಾಲೀಕ ಇಬ್ಬರೂ ಹೊಣೆ. ಮಾಲೀಕರ ಪರವಾಗಿ ಹಣ ಕಟ್ಟಬೇಕಾದ್ದು ವಿಮಾ ಕಂಪನಿ. ಹಾಗಾಗಿ ನಿಮ್ಮ ಎರಡೂ ಪ್ರಶ್ನೆಗಳಿಗೆ ದಾರಿ ಇದೆ. ಆದರೆ ಎರಡರ ದಾರಿ ಒಂದೇ ಅಲ್ಲ. ಮೊದಲನೆಯದರಲ್ಲಿ ಗಾಡಿ ಗೊತ್ತು, ಕಲ್ಲು ಅದರದ್ದೇ ಅಂತ ತೋರಿಸಬೇಕು. ಎರಡನೆಯದರಲ್ಲಿ ಕಬ್ಬು ಅಲ್ಲೇ ಬಿದ್ದಿತ್ತು, ಗಾಡಿಯೇ ಗೊತ್ತಿಲ್ಲ.

ಮೋಟಾರು ವಾಹನ ಕಾಯ್ದೆ 1988ರ 146ನೇ ಕಲಂ ಪ್ರಕಾರ ಮೂರನೆಯವರ ವಿಮೆ, ಅಂದರೆ ನಾವು ಥರ್ಡ್ ಪಾರ್ಟಿ ಅನ್ನುವುದು, ರಸ್ತೆಗೆ ಇಳಿಯುವ ಪ್ರತಿ ಗಾಡಿಗೂ ಕಡ್ಡಾಯ. 147ನೇ ಕಲಂ ಆ ವಿಮೆ ಏನನ್ನು ಹೊರಬೇಕು ಅಂತ ಹೇಳುತ್ತದೆ: ಸಾರ್ವಜನಿಕ ಜಾಗದಲ್ಲಿ ವಾಹನದ ಬಳಕೆಯಿಂದ ಆದ ಸಾವು, ಗಾಯ, ಆಸ್ತಿ ನಷ್ಟ. ಇಲ್ಲಿ "ವಾಹನದ ಬಳಕೆಯಿಂದ" ಅನ್ನುವ ಮಾತು ಬಹಳ ಮುಖ್ಯ. ಗಾಡಿಗೆ ಗಾಡಿ ಡಿಕ್ಕಿ ಹೊಡೆದರೆ ಮಾತ್ರ ಅಪಘಾತ ಅಂತ ಜಾಸ್ತಿ ಜನ ತಿಳಿದಿದ್ದಾರೆ. ಕಲ್ಲು ಬಿದ್ದರೆ, ಕಬ್ಬಿನ ಹೊರೆ ಬಿದ್ದರೆ "ಅದೇನು ಆಕ್ಸಿಡೆಂಟಾ?" ಅಂತ ಠಾಣೆಯಲ್ಲೂ ಕೇಳುವುದುಂಟು. ಹೌದು, ಅದೂ ಅಪಘಾತವೇ.

ಇದಕ್ಕೆ ನಮ್ಮ ಭಾಗದ ಹೆದ್ದಾರಿಯದ್ದೇ ಒಂದು ದೊಡ್ಡ ತೀರ್ಪಿದೆ. ಬೆಳಗಾವಿ ಮೇಲೆ ಹಾದುಹೋಗುವ ಪುಣೆ–ಬೆಂಗಳೂರು ಹೆದ್ದಾರಿ, ಆಗ ಅದು 4ನೇ ನಂಬರಿನ ರಾಷ್ಟ್ರೀಯ ಹೆದ್ದಾರಿ, ಈಗ 48. 1987ರ ಅಕ್ಟೋಬರ್‌ನಲ್ಲಿ ಮಹಾರಾಷ್ಟ್ರದ ಕಡೆ ಅದೇ ರಸ್ತೆಯಲ್ಲಿ ನಸುಕಿನಲ್ಲಿ ಒಂದು ಪೆಟ್ರೋಲ್ ಟ್ಯಾಂಕರ್‌ಗೂ ಲಾರಿಗೂ ಡಿಕ್ಕಿಯಾಯಿತು. ಟ್ಯಾಂಕರ್ ರಸ್ತೆ ಬಿಟ್ಟು ಪಕ್ಕಕ್ಕೆ ಬಿತ್ತು. ಪೆಟ್ರೋಲ್ ಸೋರುತ್ತಿತ್ತು. ಸುಮಾರು ನಾಲ್ಕು ತಾಸಿನ ಮೇಲೆ ಅದು ಸ್ಫೋಟಗೊಂಡು ಸುತ್ತ ಸೇರಿದ್ದ ಜನ ಸುಟ್ಟುಹೋದರು. ಗಾಡಿ ಆಗ ನಿಂತಿತ್ತು, ಯಾರೂ ಓಡಿಸುತ್ತಿರಲಿಲ್ಲ, ಹಾಗಾಗಿ ಇದು ವಾಹನದ ಬಳಕೆಯಲ್ಲ ಅಂತ ಮಾಲೀಕರು ಮತ್ತು ವಿಮಾ ಕಂಪನಿ ವಾದ ಮಾಡಿದರು. ಶಿವಾಜಿ ದಯಾನು ಪಾಟೀಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1991ರಲ್ಲಿ ಆ ವಾದ ಒಪ್ಪಲಿಲ್ಲ. ಬಳಕೆ ಅನ್ನುವುದನ್ನು ವಿಶಾಲವಾಗಿ ನೋಡಬೇಕು, ಗಾಡಿ ಓಡುತ್ತಿರಲೇಬೇಕು ಅಂತಿಲ್ಲ, ಮೊದಲ ಘಟನೆಗೂ ಆಮೇಲಿನ ಹಾನಿಗೂ ಸಂಬಂಧ ಇದ್ದರೆ ಸಾಕು ಎಂದಿತು. ಟ್ಯಾಂಕರಿನಿಂದ ಸೋರಿ ನಾಲ್ಕು ತಾಸಿನ ಮೇಲೆ ಹೊತ್ತಿದ ಪೆಟ್ರೋಲ್ ವಾಹನದ ಬಳಕೆಯಾದರೆ, ಟ್ರೇಲರಿನಿಂದ ಬಿದ್ದು ಎರಡು ತಾಸಿನ ಮೇಲೆ ಬೈಕಿನ ಗಾಲಿಗೆ ಸಿಕ್ಕ ಕಬ್ಬು ಯಾಕೆ ಆಗಬಾರದು? ನಿಮ್ಮ ಅಕ್ಕನ ಮಗನ ಪ್ರಕರಣದಲ್ಲಿ ನಾನು ಮೊದಲು ಇಡುವ ತೀರ್ಪು ಇದೇ.

ಈಗ ನಿಮ್ಮ ಗಾಜಿನ ವಿಷಯ. ಟಿಪ್ಪರ್ ಡ್ರೈವರ್ ಹೇಳಿದ ಎರಡು ಮಾತುಗಳೇ ಕೋರ್ಟಿನಲ್ಲೂ ಬರುತ್ತವೆ. ಒಂದು, ಕಲ್ಲು ನನ್ನದಲ್ಲ, ರಸ್ತೆಯದ್ದು. ಇನ್ನೊಂದು, ನೀವು ಹತ್ತಿರ ಬಂದಿರಿ.

ಮೊದಲ ಮಾತನ್ನು ಹಗುರವಾಗಿ ತಳ್ಳಿಹಾಕುವ ಹಾಗಿಲ್ಲ. ರಸ್ತೆಯ ಮೇಲೆ ಮೊದಲೇ ಬಿದ್ದಿದ್ದ ಸಣ್ಣ ಕಲ್ಲು ಯಾವುದೋ ಗಾಲಿಗೆ ಸಿಡಿದು ಹಿಂದಿನವರಿಗೆ ಬಡಿದರೆ, ಅದರಲ್ಲಿ ಮುಂದಿನ ಡ್ರೈವರಿನ ತಪ್ಪು ತೋರಿಸುವುದು ಕಷ್ಟ. ಹೊಸದಾಗಿ ಡಾಂಬರು ಹಾಕಿದ ರಸ್ತೆಯಲ್ಲಿ ಕಾರೂ ಹೀಗೆ ಕಲ್ಲು ಸಿಡಿಸುತ್ತದೆ. ಆದರೆ ಹೇರಿದ ಮಾಲಿನಿಂದ ಬಿದ್ದ ಕಲ್ಲಾದರೆ ಹೊಣೆ ತಪ್ಪುವುದಿಲ್ಲ. ಇವೆರಡರ ನಡುವೆ ಇನ್ನೊಂದು ಇದೆ, ಅದನ್ನು ಯಾರೂ ಗಮನಿಸುವುದಿಲ್ಲ. ಟಿಪ್ಪರಿಗೆ ಹಿಂದೆ ಜೋಡಿ ಗಾಲಿ ಇರುತ್ತವಲ್ಲ, ಕ್ರಷರ್ ಅಂಗಳದಿಂದ ಹೊರಡುವಾಗ ಆ ಎರಡು ಗಾಲಿಗಳ ಸಂದಿಯಲ್ಲಿ ಕಲ್ಲು ಸಿಕ್ಕಿಕೊಳ್ಳುತ್ತದೆ. ಗಾಡಿ ವೇಗ ಹಿಡಿದ ಮೇಲೆ ಅದು ಹಿಂದಕ್ಕೆ ಸಿಡಿಯುತ್ತದೆ. ನನ್ನ ಅಭಿಪ್ರಾಯದಲ್ಲಿ ಇದೂ ಗಾಡಿಯವರ ಹೊಣೆಯೇ. ಖಡಿ ಸಾಗಿಸುವುದೇ ಕಸುಬಾದವನು ಹೊರಡುವ ಮೊದಲು ಸಂದಿ ನೋಡಿ, ಸಿಕ್ಕಿದ ಕಲ್ಲು ತೆಗೆಯಬೇಕು. ಎರಡು ನಿಮಿಷದ ಕೆಲಸ.

ಹಾಗಾದರೆ ಕಲ್ಲು ಮಾಲಿನದ್ದೇ ಅಂತ ಹೇಗೆ ತೋರಿಸುವುದು? ಕಲ್ಲು ಮೇಲಿಂದ ಬಂತು ಅನ್ನುವ ಒಂದೇ ಮಾತು ಸಾಲದು. ಮೇಲಿಂದ ಬಿದ್ದ ಕಲ್ಲೂ ರಸ್ತೆಗೆ ಬಡಿದು ಪುಟಿದು ಕೆಳಗಿನಿಂದಲೇ ಬರಬಹುದು. ಗಾಡಿಯ ಸ್ಥಿತಿಯನ್ನು ತೋರಿಸಬೇಕು. ಖಡಿ ಪಕ್ಕದ ಹಲಗೆಗಿಂತ ಮೇಲೆ ಗುಡ್ಡೆಯಾಗಿ ಏರಿತ್ತಾ? ತಾಡಪಾಲ್ ಇತ್ತಾ, ಇದ್ದರೂ ಸುಮ್ನೆ ಮಡಚಿ ಕ್ಯಾಬಿನ್ ಮೇಲೆ ಇಟ್ಟಿದ್ದರಾ? ಹಿಂದಿನ ಬಾಗಿಲು ಕೆಳಗಡೆ ಸರಿಯಾಗಿ ಕೂತಿತ್ತಾ, ಇಲ್ಲ ಸಂದಿಯಿಂದ ಪುಡಿ ಸುರಿಯುತ್ತಿತ್ತಾ? ಬಾಗಿಲಿನ ಕೊಂಡಿ ಸವೆದ ಹಳೆ ಟಿಪ್ಪರುಗಳಲ್ಲಿ ಗುಂಡಿ ಹಾರಿದಾಗಲೆಲ್ಲ ಆ ಸಂದಿ ಬಾಯಿ ಬಿಡುತ್ತದೆ, ಹಿಂದೆ ರಸ್ತೆ ಮೇಲೆ ಖಡಿಯ ಸಾಲು ಬೀಳುತ್ತಾ ಹೋಗುತ್ತದೆ. ಆ ಸಾಲಿನ ಒಂದು ಫೋಟೋ ಇದ್ದರೆ ಅದೇ ಬಲವಾದ ಸಾಕ್ಷಿ. ನಿಮ್ಮ ಕಾರಿನ ಬಾನೆಟ್ ಮತ್ತು ವೈಪರಿನ ನಡುವಿನ ಜಾಗದಲ್ಲಿ ಕಲ್ಲಿನ ಚೂರು ಸಿಕ್ಕರೆ ಎಸೆಯಬೇಡಿ. ಒಡೆದ ಖಡಿಯ ಮುಖ ಚೂಪಾಗಿ, ಹೊಸದಾಗಿ ಇರುತ್ತದೆ. ರಸ್ತೆಯಲ್ಲಿ ಗಾಲಿಗಳ ಕೆಳಗೆ ತಿಂಗಳುಗಟ್ಟಲೆ ಉರುಳಿದ ಕಲ್ಲಿನ ಅಂಚು ಸವೆದಿರುತ್ತದೆ, ಮೇಲೆ ಡಾಂಬರಿನ ಕಪ್ಪು ಹತ್ತಿರುತ್ತದೆ. ಕವರಿನಲ್ಲಿ ಹಾಕಿ, ದಿನಾಂಕ ಬರೆದು ಇಟ್ಟುಕೊಳ್ಳಿ.

ಇನ್ನು ಆ ದಿನ ಗಾಡಿಯಲ್ಲಿ ಖಡಿ ಇತ್ತು ಅನ್ನುವುದಕ್ಕೆ ಕಾಗದ ಸಿಗುತ್ತದೆ. ಕ್ರಷರಿನಿಂದ ಹೊರಡುವಾಗ ಕಾಟಾ ಚೀಟಿ ಆಗುತ್ತದೆ. ಗಣಿ ಇಲಾಖೆಯ ಖನಿಜ ಸಾಗಾಣಿಕೆ ಪರವಾನಗಿಯಲ್ಲಿ ಗಾಡಿ ನಂಬರ್, ತೂಕ, ಎಲ್ಲಿಂದ ಎಲ್ಲಿಗೆ ಅನ್ನುವುದೆಲ್ಲ ಬರೆದಿರುತ್ತದೆ. ನಿಮಗೆ ಅವು ನೇರವಾಗಿ ಸಿಗದಿದ್ದರೂ, ಕೋರ್ಟಿನಿಂದ ತರಿಸಿಕೊಳ್ಳಬಹುದು. ತೂಕ ಮಿತಿಗಿಂತ ಜಾಸ್ತಿ ಇದ್ದರೆ ಅದೂ ನಿಮ್ಮ ಪರವಾಗಿಯೇ ಕೂರುತ್ತದೆ. ಕಾಯ್ದೆಯ 194ನೇ ಕಲಂನಲ್ಲಿ ಹೆಚ್ಚಿನ ತೂಕಕ್ಕೆ 20,000 ರೂಪಾಯಿ ದಂಡ, ಮೇಲೆ ಪ್ರತಿ ಹೆಚ್ಚುವರಿ ಟನ್ನಿಗೆ 2,000. ಮಾಲು ಗಾಡಿಯ ಮೈ ಬಿಟ್ಟು ಪಕ್ಕಕ್ಕೆ, ಹಿಂದಕ್ಕೆ ಅಥವಾ ಮಿತಿ ಮೀರಿ ಎತ್ತರಕ್ಕೆ ಹೋಗಿದ್ದರೂ 20,000 ದಂಡ ಅಂತ 2019ರ ತಿದ್ದುಪಡಿ ಸೇರಿಸಿದೆ. ಈ ದಂಡ ಸರ್ಕಾರಕ್ಕೆ ಹೋಗುತ್ತದೆ, ನಿಮಗಲ್ಲ. ಆದರೆ ಅಂಥ ಚಲನ್ ಒಂದು ಇದ್ದರೆ ಗಾಡಿಯವರ ನಿರ್ಲಕ್ಷ್ಯಕ್ಕೆ ಬೇರೆ ಪುರಾವೆ ಬಹಳ ಬೇಕಾಗುವುದಿಲ್ಲ.

ಕಲ್ಲು ಹಾರಿದ್ದನ್ನು ಕಣ್ಣಾರೆ ಕಂಡವರು ಯಾರೂ ಇಲ್ಲದಿದ್ದರೆ ಏನು ಗತಿ ಅಂತ ಹೆದರಬೇಡಿ. ಅಪಘಾತ ಪರಿಹಾರದ ಪ್ರಕರಣದಲ್ಲಿ ಕೊಲೆ ಕೇಸಿನ ಹಾಗೆ ಸಂಶಯಕ್ಕೆ ಎಡೆಯಿಲ್ಲದಷ್ಟು ಸಾಬೀತು ಮಾಡಬೇಕಿಲ್ಲ. ಯಾವುದು ಹೆಚ್ಚು ಸಂಭವ ಅನ್ನುವುದನ್ನು ನೋಡಿದರೆ ಸಾಕು ಅಂತ ಸುಪ್ರೀಂ ಕೋರ್ಟ್ ಬಿಮಲಾ ದೇವಿ ಪ್ರಕರಣದಲ್ಲಿ 2009ರಲ್ಲಿ ಸ್ಪಷ್ಟವಾಗಿ ಹೇಳಿದೆ. ಸರಿಯಾಗಿ ಹೇರಿ ಮುಚ್ಚಿದ ಗಾಡಿಯಿಂದ ಕಲ್ಲು ಬೀಳುವುದಿಲ್ಲ. ಬಿದ್ದಿದೆ ಅಂದರೆ ಎಲ್ಲೋ ತಪ್ಪಾಗಿದೆ, ಆ ತಪ್ಪು ತನ್ನದಲ್ಲ ಅಂತ ಗಾಡಿ ಕೈಯಲ್ಲಿದ್ದವನೇ ತೋರಿಸಲಿ ಅನ್ನುವ ತತ್ವವನ್ನೂ ಕೋರ್ಟುಗಳು ಬಹಳ ಕಾಲದಿಂದ ಒಪ್ಪಿಕೊಂಡು ಬಂದಿವೆ.

ಎರಡನೆಯ ಮಾತು, ಹತ್ತಿರ ಬಂದಿರಿ ಅನ್ನುವುದು. ಇದರಲ್ಲಿ ಸ್ವಲ್ಪ ಸತ್ಯ ಇದ್ದರೆ ಒಪ್ಪಿಕೊಳ್ಳುವುದೇ ಒಳ್ಳೆಯದು. 2018ರಲ್ಲಿ ಒಂದು ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಗಿತ್ತು. ಕಾರು ಮುಂದಿನ ಲಾರಿಗೆ 10–15 ಅಡಿ ಅಂತರದಲ್ಲಿ ಹೋಗುತ್ತಿತ್ತು. ಅದು ಸುರಕ್ಷಿತ ಅಂತರವಲ್ಲ ಅಂತ ಕೋರ್ಟ್ ಹಿಂದಿನವರ ತಪ್ಪನ್ನೇ ಎತ್ತಿಹಿಡಿಯಿತು. 60 ಕಿಲೋಮೀಟರ್ ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಹೋಗುತ್ತದೆ. ಎರಡು ಸೆಕೆಂಡಿನ ಅಂತರ ಬೇಕು ಅಂದರೂ 33 ಮೀಟರ್ ಆಯಿತು. ಖಡಿ ಗಾಡಿಯ ಹಿಂದೆ ನಾನಾದರೆ ಇನ್ನೂ ಜಾಸ್ತಿ ಬಿಡುತ್ತೇನೆ. ಆದರೆ ಒಂದು ವ್ಯತ್ಯಾಸ ನೆನಪಿಡಿ: ಮುಂದಿನ ಗಾಡಿ ಬ್ರೇಕ್ ಹಾಕುತ್ತದೆ ಅಂತ ಅಂತರ ಇಟ್ಟುಕೊಳ್ಳುವುದು ನಿಮ್ಮ ಕರ್ತವ್ಯ. ಮುಂದಿನ ಗಾಡಿಯಿಂದ ಕಲ್ಲು ಹಾರಿ ಬರುತ್ತದೆ ಅಂತ ಎಣಿಸಿ ಓಡಿಸುವುದು ನಿಮ್ಮ ಕರ್ತವ್ಯವಲ್ಲ. ನೀವು ತೀರಾ ಹತ್ತಿರ ಇದ್ದಿರಿ ಅಂತ ಸಾಬೀತಾದರೆ ಪರಿಹಾರದಲ್ಲಿ ಒಂದು ಪಾಲು ಕಡಿಮೆಯಾಗಬಹುದು. ಪೂರ್ತಿ ಹೋಗುವುದಿಲ್ಲ.

ಹಣದ ಲೆಕ್ಕಕ್ಕೆ ಬರೋಣ. ನಿಮ್ಮ ಕಾರಿಗೆ ಪೂರ್ಣ ವಿಮೆ ಇದ್ದರೆ, ಅಂದರೆ ಸ್ವಂತ ಗಾಡಿಯ ನಷ್ಟವನ್ನೂ ಕೊಡುವ ಪಾಲಿಸಿ ಇದ್ದರೆ, ಹೊರಗಿನಿಂದ ಬಂದು ಬಡಿದ ಕಲ್ಲಿಗೆ ಗಾಜು ಒಡೆದದ್ದು ಅದರಲ್ಲಿ ಸೇರುತ್ತದೆ. ಗಾಜಿಗೆ ಸವಕಳಿ ಕಳೆಯುವುದಿಲ್ಲ. ರಬ್ಬರು, ಪ್ಲಾಸ್ಟಿಕ್ ಭಾಗಗಳಿಗೆ ಅರ್ಧ ಕಳೆಯುತ್ತಾರೆ. 1500 ಸಿಸಿವರೆಗಿನ ಕಾರಾದರೆ 1,000 ರೂಪಾಯಿ ಕಡ್ಡಾಯವಾಗಿ ನಿಮ್ಮ ಪಾಲು. ಉಳಿದ ಸುಮಾರು 13,000 ಬರುತ್ತದೆ. ಇಷ್ಟು ಸುಲಭ ಇದ್ದರೆ ಟಿಪ್ಪರಿನ ಹಿಂದೆ ಯಾಕೆ ಬೀಳಬೇಕು ಅನಿಸುತ್ತದೆ, ಅಲ್ವಾ? ಆದರೆ ಒಂದು ಕ್ಲೇಮ್ ಮಾಡಿದ ಕೂಡಲೇ ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದ ವರ್ಷಗಳಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ಹೋಗುತ್ತದೆ. ಸ್ವಂತ ನಷ್ಟದ ಪ್ರೀಮಿಯಂ 10,000 ಅಂತ ಇಟ್ಟುಕೊಳ್ಳಿ, ನಿಮಗೆ ಈಗ 50 ಶೇಕಡಾ ಬೋನಸ್ ಇದೆ, ಹಾಗಾಗಿ 5,000 ಕಟ್ಟುತ್ತಿದ್ದೀರಿ. ಕ್ಲೇಮ್ ಆದ ಮುಂದಿನ ವರ್ಷ ಪೂರ್ತಿ 10,000 ಕಟ್ಟಬೇಕು. ಆಮೇಲೆ 20, 25, 35, 45 ಅಂತ ಮತ್ತೆ ಮೆಟ್ಟಿಲು ಹತ್ತಬೇಕು. ಆ ಐದು ವರ್ಷದಲ್ಲಿ ಒಟ್ಟು 12,500 ರೂಪಾಯಿ ಜಾಸ್ತಿ ಕಟ್ಟಿದಂತಾಗುತ್ತದೆ. ಪ್ರೀಮಿಯಂ ವರ್ಷ ವರ್ಷ ಬದಲಾಗುತ್ತದೆ, ಆದರೂ ಲೆಕ್ಕದ ದಾರಿ ಇದೇ. 13,000 ಪಡೆದು 12,500 ಕಳೆದುಕೊಂಡರೆ ಏನು ಬಂತು? ಬೋನಸ್ ರಕ್ಷಣೆ ಇರುವ ಪಾಲಿಸಿಯಾದರೆ, ಇಲ್ಲವೇ ನಿಮ್ಮ ಬೋನಸ್ ಇನ್ನೂ 20 ಶೇಕಡಾದಲ್ಲೇ ಇದ್ದರೆ, ಕಣ್ಣು ಮುಚ್ಚಿ ಕ್ಲೇಮ್ ಮಾಡಿ. 50ಕ್ಕೆ ಮುಟ್ಟಿದ್ದರೆ ಮೊದಲು ಟಿಪ್ಪರಿನವರನ್ನು ಕೇಳಿ.

ಒಂದೇ ನಷ್ಟಕ್ಕೆ ಎರಡೂ ಕಡೆಯಿಂದ ಪೂರ್ತಿ ಹಣ ಸಿಗುವುದಿಲ್ಲ, ಇದು ಗೊತ್ತಿರಲಿ. ನಿಮ್ಮ ವಿಮೆ ಕೊಟ್ಟಷ್ಟನ್ನು ಬಿಟ್ಟು, ಕೈಯಿಂದ ಹೋದದ್ದನ್ನು ಮಾತ್ರ ಟಿಪ್ಪರಿನವರಿಂದ ಕೇಳಬಹುದು. ಗಾಜು ಬದಲಿಸುವ ಮೊದಲು ವಿಮಾ ಕಂಪನಿಗೆ ತಿಳಿಸಿ ತೋರಿಸಿ. ಬದಲಿಸಿ ಆಮೇಲೆ ಹೋದರೆ ಏನು ನೋಡುತ್ತಾರೆ?

ಟಿಪ್ಪರಿನವರನ್ನು ಹಿಡಿಯುವುದು ಹೇಗೆ? ನಂಬರ್ ಇದೆಯಲ್ಲ, ಎಂಪರಿವಾಹನ್ ಆ್ಯಪಿನಲ್ಲಿ ಹಾಕಿದರೆ ವಿಮೆ ಚಾಲ್ತಿ ಇದೆಯಾ, ಫಿಟ್‌ನೆಸ್ ಇದೆಯಾ ಅಂತ ಕಾಣುತ್ತದೆ. ಪೂರ್ತಿ ವಿವರ ಬೇಕು ಅಂದರೆ 160ನೇ ಕಲಂ ಪ್ರಕಾರ ಆರ್‌ಟಿಒ ಅಥವಾ ಠಾಣಾಧಿಕಾರಿಗೆ ಅರ್ಜಿ ಕೊಡಿ. ಪರಿಹಾರ ಕೇಳುವವರಿಗೆ ಮಾಲೀಕರ ಮತ್ತು ವಿಮೆಯ ವಿವರ ಕೊಡುವುದು ಅವರ ಕರ್ತವ್ಯ. "ಗಾಡಿ ಮಾರಿ ಎರಡು ವರ್ಷ ಆಯಿತು" ಅಂತ ಮಾಲೀಕ ಹೇಳಿದರೆ ನಂಬಿ ವಾಪಸ್ ಬರಬೇಡಿ. ಆರ್‌ಸಿ ಯಾರ ಹೆಸರಿನಲ್ಲಿದೆಯೋ ಅವರೇ ಹೊಣೆ ಅಂತ 2018ರಲ್ಲಿ ಸುಪ್ರೀಂ ಕೋರ್ಟ್ ನವೀನ್ ಕುಮಾರ್ ಪ್ರಕರಣದಲ್ಲಿ ಹೇಳಿದೆ. ಸರಕು ಗಾಡಿಯ ಥರ್ಡ್ ಪಾರ್ಟಿ ವಿಮೆಯಲ್ಲಿ ಆಸ್ತಿ ನಷ್ಟಕ್ಕೆ ಸಾಮಾನ್ಯವಾಗಿ 7.5 ಲಕ್ಷದವರೆಗೆ ಮಿತಿ ಇರುತ್ತದೆ. ನಿಮ್ಮ 14,000 ಅದರ ಮುಂದೆ ಏನೂ ಅಲ್ಲ.

ಮಾಲೀಕರಿಗೂ ವಿಮಾ ಕಂಪನಿಗೂ ರಿಜಿಸ್ಟರ್ ಅಂಚೆಯಲ್ಲಿ ನೋಟಿಸ್ ಕಳಿಸಿ. ದಿನಾಂಕ, ಸಮಯ, ಜಾಗ, ಫೋಟೋ, ಕೊಟೇಶನ್ ಎಲ್ಲ ಜೊತೆಗಿರಲಿ. ಉತ್ತರ ಬರದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ದಾವೆ ಹೂಡುವ ಮೊದಲಿನ ರಾಜಿಗೆ ಅರ್ಜಿ ಕೊಡಿ. ಲೋಕ ಅದಾಲತ್ತಿಗೆ ಕೋರ್ಟ್ ಶುಲ್ಕ ಇಲ್ಲ. ಆಗುವ ಆದೇಶಕ್ಕೆ ಡಿಕ್ರಿಯ ಬಲ ಇರುತ್ತದೆ, ಮೇಲ್ಮನವಿ ಇಲ್ಲ. ಬರೀ ಗಾಜಿಗೆ ನಾನು ಇದಕ್ಕಿಂತ ಮುಂದೆ ಹೋಗಲು ಹೇಳುವುದಿಲ್ಲ. 14,000ಕ್ಕೆ ವರ್ಷಗಟ್ಟಲೆ ಓಡಾಡಿದರೆ ಬಸ್ಸಿನ ಖರ್ಚೂ ಗಿಟ್ಟುವುದಿಲ್ಲ. ಕಾನೂನಿನಲ್ಲಿ ಅವಕಾಶ ಇಲ್ಲ ಅಂತ ಮಾತ್ರ ತಿಳಿಯಬೇಡಿ. 165ನೇ ಕಲಂ ಪ್ರಕಾರ ಆಸ್ತಿ ನಷ್ಟಕ್ಕೂ ಅಪಘಾತ ಪರಿಹಾರ ನ್ಯಾಯಮಂಡಳಿಗೆ ಹೋಗಬಹುದು. 2,000 ರೂಪಾಯಿ ಮೀರಿದ ನಷ್ಟಕ್ಕೆ ಸಿವಿಲ್ ಕೋರ್ಟಿಗೆ ಹೋಗುವ ಆಯ್ಕೆಯೂ ನಿಮ್ಮದೇ. ಕಾರಿನಲ್ಲಿದ್ದವರಿಗೆ ಗಾಜಿನ ಚೂರು ತಾಗಿ ಗಾಯವಾಗಿದ್ದರೆ ನನ್ನ ಸಲಹೆ ಪೂರ್ತಿ ಬೇರೆ ಇರುತ್ತಿತ್ತು.

ಬಿದ್ದದ್ದು ಮಾಲಲ್ಲ, ಗಾಡಿಯ ಭಾಗವೇ ಆಗಿದ್ದರೆ ಹೊಣೆ ಇನ್ನೂ ಗಟ್ಟಿ. ರೀಸೋಲ್ ಟೈರಿನ ಸಿಪ್ಪೆ, ಸ್ಪ್ರಿಂಗ್ ಪಟ್ಟಿ, ಕಿತ್ತು ಬಂದ ಗಾಲಿ, ಇವೆಲ್ಲ ಹೆದ್ದಾರಿಯಲ್ಲಿ ಬಿದ್ದಿರುವುದನ್ನು ನೀವೂ ನೋಡಿದ್ದೀರಿ. ಜೀಪಿನ ಟೈರು ಸಿಡಿದು ದಾರಿಯಲ್ಲಿ ನಡೆದು ಹೋಗುತ್ತಿದ್ದವರು ತೀರಿಕೊಂಡ ಕೌಶ್ನುಮಾ ಬೇಗಂ ಪ್ರಕರಣದಲ್ಲಿ, ಡ್ರೈವರಿನ ತಪ್ಪು ಇರದಿದ್ದರೂ ಮಾಲೀಕ ಹೊಣೆ ಅಂತ ಸುಪ್ರೀಂ ಕೋರ್ಟ್ 2001ರಲ್ಲಿ ತೀರ್ಪು ಕೊಟ್ಟಿದೆ.

ಈಗ ನಿಮ್ಮ ಅಕ್ಕನ ಮಗನ ವಿಷಯ. ಇದಕ್ಕೇ ನಿಮ್ಮ ಶಕ್ತಿ ಜಾಸ್ತಿ ಹಾಕಿ.

ಕಬ್ಬಿನ ಹಂಗಾಮು ಶುರುವಾದರೆ ಮುಧೋಳ, ಜಮಖಂಡಿ, ರಬಕವಿ ಕಡೆಯ ರಸ್ತೆಗಳು ಹೇಗಿರುತ್ತವೆ ಅಂತ ನಿಮಗೆ ಹೇಳಬೇಕಿಲ್ಲ. ಒಂದು ಟ್ರ್ಯಾಕ್ಟರಿಗೆ ಎರಡು ಟ್ರೇಲರ್, ಎರಡರಲ್ಲೂ ಆಳೆತ್ತರ ಮೀರಿ ಕಬ್ಬು. ಹಗ್ಗ ಸಡಿಲಾದರೆ ಪಕ್ಕದ ಕಬ್ಬು ಒಂದೊಂದೇ ಜಾರುತ್ತದೆ. ಊರೊಳಗೆ ನಿಧಾನವಾದಾಗ ಹುಡುಗರು ಹಿಂದೆ ಓಡಿ ಎಳೆಯುತ್ತಾರೆ, ಎಳೆದದ್ದು ಒಂದಾದರೆ ಸಡಿಲಾಗುವುದು ನಾಲ್ಕು. ಡ್ರೈವರುಗಳು ಕೋರ್ಟಿನಲ್ಲಿ ಇದನ್ನೇ ಹೇಳುತ್ತಾರೆ, ಹುಡುಗರು ಎಳೆದರು ಸಾಹೇಬ್ರೇ ಅಂತ. ಪ್ರತಿ ವರ್ಷ ಪ್ರತಿ ಊರಲ್ಲಿ ಆಗುವುದು ಅವರಿಗೆ ಗೊತ್ತಿಲ್ಲದ್ದೇನಲ್ಲ. ಗೊತ್ತಿರುವುದಕ್ಕೆ ತಕ್ಕ ಹಾಗೆ ಬಿಗಿದು ಕಟ್ಟಬೇಕಿತ್ತು ಅನ್ನುವುದು ನನ್ನ ವಾದ. ಆ ಹುಡುಗರೇ ಟ್ರೇಲರಿನ ಗಾಲಿಗೆ ಸಿಗುವುದೂ ಉಂಟು, ದಯವಿಟ್ಟು ನಿಮ್ಮ ಮನೆಯ ಮಕ್ಕಳಿಗೆ ಹೇಳಿ.

ಗಾಡಿ ಗೊತ್ತಿಲ್ಲ ಅಂತ ಕೈ ಚೆಲ್ಲಬೇಡಿ. ಠಾಣೆಯಲ್ಲಿ ಫಿರ್ಯಾದಿ ದಾಖಲಾಗಿದೆಯಾ ಮೊದಲು ನೋಡಿ. ಇಲ್ಲದಿದ್ದರೆ ಇವತ್ತೇ ಕೊಡಿಸಿ. ಹದ್ದು ಯಾವ ಠಾಣೆಯದು ಅಂತ ಗೊತ್ತಾಗದಿದ್ದರೂ ಹತ್ತಿರದ ಠಾಣೆಯಲ್ಲೇ ಕೊಡಬಹುದು. ಜನರ ಜೀವಕ್ಕೆ ಅಪಾಯವಾಗುವಂಥ ನಿರ್ಲಕ್ಷ್ಯಕ್ಕೆ ಭಾರತೀಯ ನ್ಯಾಯ ಸಂಹಿತೆಯ 125ನೇ ಕಲಂ, ಸಾರ್ವಜನಿಕ ದಾರಿಯಲ್ಲಿ ಅಪಾಯ ಅಥವಾ ಅಡ್ಡಿ ಮಾಡಿದ್ದಕ್ಕೆ 285ನೇ ಕಲಂ ಇದೆ. ಪಂಚನಾಮೆಯಲ್ಲಿ ಏನು ಬರೆಯುತ್ತಾರೆ ಅನ್ನುವುದರ ಮೇಲೆ ಮುಂದಿನದೆಲ್ಲ ನಿಂತಿದೆ. "ಬೈಕ್ ಸವಾರ ಆಯ ತಪ್ಪಿ ಬಿದ್ದ" ಅಂತ ಒಂದು ಸಾಲು ಬರೆದರೆ ಕೇಸು ಅಲ್ಲೇ ಮುಗಿಯಿತು. ರಸ್ತೆ ಮೇಲೆ ಎಷ್ಟು ಕಬ್ಬು ಬಿದ್ದಿತ್ತು, ಯಾವ ಪಕ್ಕ, ಎಷ್ಟು ದೂರದವರೆಗೆ, ಗಾಲಿಗೆ ಸಿಕ್ಕು ಅರೆದ ಗುರುತು, ಬೈಕ್ ಉಜ್ಜಿಕೊಂಡು ಹೋದ ಗೆರೆ, ಬೀದಿದೀಪ ಇತ್ತೋ ಇಲ್ಲವೋ, ಇವೆಲ್ಲ ಬರಬೇಕು. ಪಂಚನಾಮೆ ಆಗಿಹೋಗಿದ್ದರೆ, ಆ ಹೊತ್ತಿನಲ್ಲಿ ಎತ್ತಿ ಆಸ್ಪತ್ರೆಗೆ ಹಾಕಿದವರ ಹೇಳಿಕೆಯಲ್ಲಿ ಇದನ್ನು ತನ್ನಿ. ಹಾಗೆ ಸಹಾಯ ಮಾಡಿದವರಿಗೆ ಮೋಟಾರು ವಾಹನ ಕಾಯ್ದೆಯ 134ಎ ಕಲಂ ರಕ್ಷಣೆ ಕೊಡುತ್ತದೆ, ಹೆದರುವ ಕಾರಣ ಇಲ್ಲ ಅಂತ ಅವರಿಗೆ ತಿಳಿಸಿ.

ಆ ರಾತ್ರಿ ಆ ರಸ್ತೆಯಲ್ಲಿ ಯಾವ ಟ್ರ್ಯಾಕ್ಟರ್ ಹೋಯಿತು ಅಂತ ಪತ್ತೆ ಮಾಡಲು ದಾರಿ ಇದೆ. ಕಾರ್ಖಾನೆಯ ಗೇಟಿನಲ್ಲಿ, ಕಾಟಾದಲ್ಲಿ ಗಾಡಿ ನಂಬರ್ ಮತ್ತು ವೇಳೆ ದಾಖಲಾಗುತ್ತದೆ. ದಾರಿಯ ಪೆಟ್ರೋಲ್ ಪಂಪು, ಧಾಬಾಗಳಲ್ಲಿ ಕ್ಯಾಮೆರಾ ಇರುತ್ತವೆ. ಹಳೆಯ ದೃಶ್ಯಗಳ ಮೇಲೆ ಹೊಸದು ಬಂದು ಕೂರುತ್ತದೆ, ಹಾಗಾಗಿ ತನಿಖಾಧಿಕಾರಿಗೆ ಲಿಖಿತವಾಗಿ ಕೇಳಿ, ಸ್ವೀಕೃತಿ ಪಡೆಯಿರಿ. ಗಾಡಿ ಸಿಕ್ಕರೆ ಟ್ರ್ಯಾಕ್ಟರಿನ ನಂಬರ್ ಅಷ್ಟೇ ಅಲ್ಲ, ಎರಡೂ ಟ್ರೇಲರಿನ ನಂಬರ್ ಬೇಕು. ಟ್ರೇಲರಿಗೆ ಬೇರೆ ವಿಮೆ ಇಲ್ಲ, ಒಕ್ಕಲುತನಕ್ಕೆ ಅಂತ ವಿಮೆ ಮಾಡಿಸಿದ ಟ್ರ್ಯಾಕ್ಟರನ್ನು ಬಾಡಿಗೆಗೆ ಓಡಿಸಿದ್ದಾರೆ ಅಂತ ವಿಮಾ ಕಂಪನಿಗಳು ತಕರಾರು ತೆಗೆಯುವುದೇ ಇಲ್ಲಿ. ಅಂಥ ತಕರಾರು ಇದ್ದಾಗಲೂ ಮೊದಲು ಗಾಯಾಳುವಿಗೆ ಕೊಟ್ಟು, ಆಮೇಲೆ ಮಾಲೀಕರಿಂದ ವಸೂಲು ಮಾಡಿಕೊಳ್ಳಿ ಅಂತ ನ್ಯಾಯಮಂಡಳಿ ಎಷ್ಟೋ ಸಲ ಆದೇಶ ಮಾಡುತ್ತದೆ. ಸಾಗಾಣಿಕೆ ಪೂರ್ತಿ ಕಾರ್ಖಾನೆಯ ಹತೋಟಿಯಲ್ಲಿ ಇತ್ತು ಅಂತ ಕರಾರು ಪತ್ರ ಸಿಕ್ಕರೆ ಕಾರ್ಖಾನೆಯನ್ನೂ ಸೇರಿಸಿ. ಕಾಗದ ಇಲ್ಲದೆ ಸುಮ್ನೆ ಸೇರಿಸಿದರೆ ಕೇಸು ಎಳೆಯುತ್ತದೆ ಅಷ್ಟೇ.

ಒಂದು ಎಚ್ಚರಿಕೆ. ಕಬ್ಬು ಎತ್ತಿನ ಗಾಡಿಯಿಂದ ಬಿದ್ದದ್ದಾದರೆ ಈ ಕಾಯ್ದೆಯೇ ಅನ್ವಯಿಸುವುದಿಲ್ಲ, ಯಾಕೆಂದರೆ ಅದು ಮೋಟಾರು ವಾಹನವಲ್ಲ. ನಮ್ಮ ಕಡೆ ಇನ್ನೂ ಎತ್ತಿನ ಗಾಡಿಗಳು ಕಾರ್ಖಾನೆಗೆ ಕಬ್ಬು ಹೊಡೆಯುತ್ತವೆ. ಎದುರಿನ ವಕೀಲರು ಈ ಪ್ರಶ್ನೆ ಕೇಳಿಯೇ ಕೇಳುತ್ತಾರೆ. ಹಾಗಾಗಿ ಆ ಹೊತ್ತಿನಲ್ಲಿ ಟ್ರ್ಯಾಕ್ಟರ್ ಹೋದದ್ದನ್ನು ಕಂಡವರ ಸಾಕ್ಷಿ ಬೇಕು.

ಟ್ರ್ಯಾಕ್ಟರ್ ಪತ್ತೆಯಾದರೆ ಎರಡು ದಾರಿ. 164ನೇ ಕಲಂನಲ್ಲಿ ಯಾರ ತಪ್ಪು ಅಂತ ತೋರಿಸದೆಯೇ ತೀವ್ರ ಗಾಯಕ್ಕೆ 2.5 ಲಕ್ಷ ಸಿಗುತ್ತದೆ. ಎಲುಬು ಮುರಿದರೆ ಕಾನೂನಿನಲ್ಲಿ ಅದು ತೀವ್ರ ಗಾಯ. 166ನೇ ಕಲಂನಲ್ಲಿ ತಪ್ಪು ತೋರಿಸಬೇಕು, ಆದರೆ ಆಸ್ಪತ್ರೆ ಖರ್ಚು, ಕೆಲಸ ತಪ್ಪಿದ ದಿನಗಳ ಗಳಿಕೆ, ನೋವು, ಕೈಯಲ್ಲಿ ಉಳಿದ ಊನ ಎಲ್ಲಕ್ಕೂ ಲೆಕ್ಕ ಕೇಳಬಹುದು. ಕೈ ಪೂರ್ತಿ ಸರಿಹೋಗುವಂತಿದ್ದರೆ ಮೊದಲನೆಯದು ಒಳ್ಳೆಯದು. ಊನ ಉಳಿಯುತ್ತದೆ ಅಂತ ವೈದ್ಯರು ಹೇಳಿದರೆ, ಅದರಲ್ಲೂ ಕೈಯಿಂದ ದುಡಿಯುವ ಹುಡುಗನಾದರೆ, ಎರಡನೆಯದನ್ನೇ ಹಿಡಿಯಿರಿ.

ಎಷ್ಟು ಹುಡುಕಿದರೂ ಗಾಡಿ ಸಿಗದಿದ್ದರೆ 161ನೇ ಕಲಂ ಇದೆ. ಗುರುತು ಸಿಗದ ವಾಹನದ ಬಳಕೆಯಿಂದ ಆದ ಅಪಘಾತಕ್ಕೆ ಸರ್ಕಾರದ ಯೋಜನೆಯಡಿ ಸತ್ತರೆ 2 ಲಕ್ಷ, ತೀವ್ರ ಗಾಯಕ್ಕೆ 50,000. 2022ರ ಏಪ್ರಿಲ್‌ನಿಂದ ಈ ಮೊತ್ತ ಜಾರಿಯಲ್ಲಿದೆ. ಇದಕ್ಕೆ ನ್ಯಾಯಮಂಡಳಿಗೆ ಹೋಗಬೇಕಿಲ್ಲ. ಅಪಘಾತ ನಡೆದ ಕಡೆಯ ಕಂದಾಯ ಉಪವಿಭಾಗದ ಅಧಿಕಾರಿ ಅಥವಾ ತಹಶೀಲ್ದಾರರ ಕಚೇರಿಯಲ್ಲಿ ಅರ್ಜಿ, ಮಂಜೂರು ಮಾಡುವವರು ಜಿಲ್ಲಾಧಿಕಾರಿ. ಇದನ್ನು ಪಡೆದ ಮೇಲೆ ಟ್ರ್ಯಾಕ್ಟರ್ ಸಿಕ್ಕಿ ಬೇರೆ ಪರಿಹಾರ ಬಂದರೆ ಈ 50,000 ವಾಪಸ್ ಹೊಂದಿಸಬೇಕಾಗುತ್ತದೆ, ಅಷ್ಟೇ. ಗಾಜಿನಂಥ ಆಸ್ತಿ ನಷ್ಟಕ್ಕೆ ಈ ಯೋಜನೆಯಲ್ಲಿ ಏನೂ ಇಲ್ಲ. ಬೈಕಿನ ವಿಮೆಯ ಜೊತೆ ಬರುವ 15 ಲಕ್ಷದ ಮಾಲೀಕ–ಚಾಲಕ ವಿಮೆ ಸಾವು ಮತ್ತು ಶಾಶ್ವತ ಅಂಗವಿಕಲತೆಗೆ ಮಾತ್ರ, ಬರೀ ಎಲುಬು ಮುರಿದದ್ದಕ್ಕೆ ಅಲ್ಲ.

ಬಿದ್ದ ಕಬ್ಬನ್ನು ಯಾರೂ ತೆಗೆಸಲಿಲ್ಲ ಅಂತ ರಸ್ತೆ ನೋಡಿಕೊಳ್ಳುವ ಇಲಾಖೆಯ ಮೇಲೆ ಹೋಗಬಹುದಾ ಅಂತ ಕೆಲವರು ಕೇಳುತ್ತಾರೆ. ಬಿದ್ದಿದೆ ಅಂತ ಮೊದಲೇ ದೂರು ಹೋಗಿದ್ದೂ ತೆಗೆಯದಿದ್ದರೆ ವಾದ ನಿಲ್ಲುತ್ತದೆ, ಇಲ್ಲದಿದ್ದರೆ ಕಷ್ಟ. ರಾಷ್ಟ್ರೀಯ ಹೆದ್ದಾರಿಯಲ್ಲಿ ಏನಾದರೂ ಬಿದ್ದಿರುವುದು ಕಂಡರೆ 1033ಕ್ಕೆ, ಬೇರೆ ರಸ್ತೆಯಲ್ಲಿ 112ಕ್ಕೆ ಫೋನ್ ಮಾಡಿ. ನಿಮ್ಮ ಹಿಂದೆ ಬರುವವನ ಕೈಕಾಲು ಉಳಿಯುತ್ತದೆ, ದೂರಿನ ದಾಖಲೆಯೂ ಆಗುತ್ತದೆ.

ಕೊನೆಯದಾಗಿ ದಿನಗಳ ಲೆಕ್ಕ. 2022ರ ಏಪ್ರಿಲ್ 1ರಿಂದ 166ನೇ ಕಲಂ ಅರ್ಜಿಯನ್ನು ಅಪಘಾತವಾದ ಆರು ತಿಂಗಳೊಳಗೆ ಹಾಕಬೇಕು ಅನ್ನುವ ನಿಯಮ ಮತ್ತೆ ಬಂದಿದೆ. ಪೊಲೀಸರ ತನಿಖೆ ಮುಗಿಯಲಿ, ಚಿಕಿತ್ಸೆ ಮುಗಿಯಲಿ ಅಂತ ಕಾಯಬೇಡಿ. ಊನದ ಪ್ರಮಾಣಪತ್ರ ಆಮೇಲೆ ಸೇರಿಸಬಹುದು, ಅರ್ಜಿ ಮೊದಲು ಒಳಗೆ ಹೋಗಲಿ. ಅಪಘಾತ ಮುಧೋಳದ ಹದ್ದಿನಲ್ಲಿ ಆಗಿದ್ದರೂ ಹುಡುಗ ಜಮಖಂಡಿಯಲ್ಲಿ ಇರುವುದರಿಂದ ಅಲ್ಲಿಯೂ ಹಾಕಬಹುದು. ಆಸ್ಪತ್ರೆಯ ಡಿಸ್ಚಾರ್ಜ್ ಕಾರ್ಡು, ಎಕ್ಸ್‌ರೇ, ಔಷಧದ ಪ್ರತಿ ಬಿಲ್ಲು, ಎಫ್‌ಐಆರ್ ಮತ್ತು ಪಂಚನಾಮೆಯ ನಕಲು, ಕೆಲಸ ಮಾಡುವ ಕಡೆಯಿಂದ ರಜೆಯ ಪತ್ರ ಇಷ್ಟನ್ನು ಒಂದು ಫೈಲಿನಲ್ಲಿ ಹಾಕಿ ಈ ವಾರವೇ ಅಲ್ಲಿನ ವಕೀಲರೊಬ್ಬರನ್ನು ಕಾಣಲಿ. ವಕೀಲರ ಖರ್ಚು ಕಷ್ಟವಾದರೆ ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಕೇಳಲಿ, 15100ಕ್ಕೆ ಫೋನ್ ಮಾಡಿದರೂ ದಾರಿ ತೋರಿಸುತ್ತಾರೆ.